ತುಟಿಯಿಂದ ತಂದ ಕಣ್ಣೀರು

ಜನವರಿ 9

ನೊರೆ,

ಅಕ್ಷರ ನೋಡಿ ಗಾಬರಿಯಾಗಬೇಡ. ಕೈ ನಿನ್ನ ಅತ್ತೆಯದು, ಮಾತು ನನ್ನದು. ನಲವತ್ತು ವರ್ಷ ಶಾಲೆಯ ಮಕ್ಕಳಿಗೆ ಉಕ್ತಲೇಖನ ಕೊಟ್ಟ ನನ್ನ ಅಕ್ಕನಿಗೆ ಈಗ ನಾನು ಕೊಡುತ್ತಿದ್ದೇನೆ. ಈ ಸುಖ ಬದುಕಿನಲ್ಲಿ ಸಿಗುತ್ತದೆ ಎಂದುಕೊಂಡಿರಲಿಲ್ಲ. (ನಡುನಡುವೆ ನಾನೂ ಬಾಯಿ ಹಾಕ್ತೀನಿ ಕಣೇ. ಕಂಸದೊಳಗೆ ಇರೋದೆಲ್ಲ ನಂದು. ಅತ್ತೆ.)

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಪತ್ರವಾದರೆ ಹರಿದು ಹಾಕುವ ಮೊದಲು ಒಂದು ಸಲ ಓದಿಯೇ ಓದುತ್ತೀಯ ಎಂಬ ಧೈರ್ಯದಿಂದ ಇದನ್ನು ಬರೆಸುತ್ತಿದ್ದೇನೆ.

ಸುದ್ದಿ ದೊಡ್ಡದು, ಕೂತುಕೊಂಡು ಓದು. ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದಿದ್ದಾರೆ. ನನ್ನ ಕಣ್ಣನ್ನು ಮುಕ್ಕಾಲು ಗಂಟೆ ನೋಡಿದರು. ಬಲಗಣ್ಣಿಗೆ ಬಿಳಿ ಪೊರೆ ಕಟ್ಟಿಬಿಟ್ಟಿದೆ, ಅದನ್ನು ಸದ್ಯಕ್ಕೆ ಮರೆತುಬಿಡಿ ಎಂದರು. ಎಡಗಣ್ಣಿನ ಕತೆ ಬೇರೆ. ಅದರ ಒಳಗೆಲ್ಲ ಚೆನ್ನಾಗಿದೆ, ಮೇಲ್ಮೈ ಮಾತ್ರ ಸುಟ್ಟು ಒಣಗಿದೆ. ಕಣ್ಣೀರು ಬರುವ ಸಣ್ಣ ದಾರಿಗಳು ಮುಚ್ಚಿಹೋಗಿವೆ. ನೀರಿಲ್ಲದೆ ಗಾಯ ಮಾಯುವುದಿಲ್ಲ, ಗಾಯ ಮಾಯದೆ ಮಂಜು ಹೋಗುವುದಿಲ್ಲ. "ನಿಮ್ಮ ಕಣ್ಣು ಕುರುಡಾಗಿಲ್ಲ ಯಜಮಾನರೇ, ಬಾಯಾರಿದೆ ಅಷ್ಟೆ" ಅಂದರು. ಇಷ್ಟು ದಿನ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಔಷಧಿ ಏನು ಗೊತ್ತೇ? ನನ್ನದೇ ರಕ್ತ. ತೋಳಿನಿಂದ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಕೆಂಪನ್ನು ಕೆಳಗೆ ಕೂರಿಸಿ, ಮೇಲೆ ನಿಂತ ಜೇನುಬಣ್ಣದ ತಿಳಿಯನ್ನು ಪುಟ್ಟ ಬಾಟಲಿಗಳಿಗೆ ತುಂಬಿ ಕೊಡುತ್ತಾರೆ. ದಿನಕ್ಕೆ ಎಂಟು ಸಲ ಒಂದೊಂದು ಹನಿ. ಗಾಯ ಮಾಯಿಸುವ ಸತ್ವವೆಲ್ಲ ಆ ತಿಳಿಯಲ್ಲಿದೆಯಂತೆ. ಬಾಟಲಿಗಳು ಫ್ರಿಜ್ಜಿನ ಮಂಜುಗಡ್ಡೆ ಪೆಟ್ಟಿಗೆಯಲ್ಲಿವೆ. (ನಿನ್ನೆ ಬಟಾಣಿ ತೆಗೆಯೋಕೆ ಹೋಗಿ ನಿಮ್ಮಪ್ಪನ್ನ ತೆಗೆದೆ.)

ಇನ್ನೊಂದಿದೆ. ನಿನಗೆ ಹೇಳಬೇಕಾದ ಒಂದು ಮಾತು ಉಳಿದುಕೊಂಡಿದೆ. ಅದು ಮತ್ತೊಬ್ಬರ ಕೈಯಲ್ಲಿ ಬರೆಸುವಂಥದ್ದಲ್ಲ. (ಏನೋ ಅದು ಅಂತ ಕೇಳಿದೆ. ಹೇಳಲಿಲ್ಲ.) ಕಣ್ಣು ಬಂದ ದಿನ ನಾನೇ ಬರೆಯುತ್ತೇನೆ. ಬಾರದಿದ್ದರೆ ಎಂದು ಯೋಚಿಸುವುದನ್ನು ನಿನ್ನೆಯಿಂದ ಬಿಟ್ಟಿದ್ದೇನೆ.

ಅಪ್ಪ


ಜನವರಿ 27

ಅಪ್ಪನಿಗೆ,

ಪತ್ರ ತಲುಪಿತು. ಹರಿದಿಲ್ಲ. ನಿಂತುಕೊಂಡೇ ಓದಲು ಶುರುಮಾಡಿದೆ, ಬಾಯಾರಿದೆ ಎಂಬಲ್ಲಿಗೆ ಬಂದಾಗ ಕೂತೆ.

ನಾನು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನೆಲಮಾಳಿಗೆ, ಆರು ಯಂತ್ರ, ದಿನಕ್ಕೆ ಎಂಟುನೂರು ಹಾಸಿಗೆ ಹೊದಿಕೆ. ಸಾಬೂನು ಮಾಡುವವನ ಮಗಳು ಸಾಬೂನು ತೊಳೆಯುವ ಕಡೆಗೆ ಬಂದು ಸೇರಿದೆ ಅಂದುಕೊಳ್ಳಿ.

ಒಂದು ವಿಷಯ ಬರೆದುಬಿಡುತ್ತೇನೆ. ಇಷ್ಟು ದಿನ ಅದು ನನಗೆ ಬಿಸಿತುಪ್ಪವಾಗಿತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವತ್ತು ಸಾಬೂನು ಕುದಿಸುವ ಬಾಣಲೆಯಿಂದ ಕಾಸ್ಟಿಕ್ ಸೋಡಾದ ನೀರು ನಿಮ್ಮ ಕಣ್ಣಿಗೆ ಚಿಮ್ಮಿದಾಗ ಕಪಾಟಿನ ವಿನೆಗರ್ ಎತ್ತಿ ಸುರಿದವಳು ನಾನು. ಎರಡು ಬಾಟಲಿ ಖಾಲಿಯಾದ ಮೇಲೆ ನನಗೆ ನಲ್ಲಿ ನೆನಪಾಯಿತು. ಅಷ್ಟರಲ್ಲಿ ನಾಲ್ಕೈದು ನಿಮಿಷ ಹೋಗಿತ್ತು. ಮೊದಲ ಕ್ಷಣದಿಂದ ಬರೀ ನೀರು ಬಿಟ್ಟಿದ್ದರೆ ಇಷ್ಟು ಸುಡುತ್ತಿರಲಿಲ್ಲ ಎಂದು ಆಸ್ಪತ್ರೆಯ ಹಳೆಯ ಡಾಕ್ಟರು ನನ್ನೆದುರೇ ಹೇಳಿದರು. "ವಿನೆಗರ್ ಹಾಕಿದ್ದು ಯಾರು?" ಎಂದು ಕೇಳಿದರು. "ನನ್ನ ಮಗಳು" ಎಂದಿರಿ. ಸುಳ್ಳೇನಲ್ಲ.

ಹನಿ ಹಾಕುವಾಗ ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಅತ್ತೆಗೆ ಹೇಳಿ.

ಬಾಣಲೆ ಕೋಣೆಯ ಗೋಡೆ ಈಗ ಹೇಗಿದೆ?

ಇಂತಿ,
ನಿಮ್ಮ ಮಗಳು


ಫೆಬ್ರವರಿ 20

ನೊರೆ,

ಇದೇನು ನೀವು, ನಿಮ್ಮ, ಎಂದಿರಿ? ನಾನೇನು ನಿನ್ನ ಲಾಂಡ್ರಿಯ ಮ್ಯಾನೇಜರೇ? ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಬೈದವಳು ನೀನು. (ಓದಿ ಹೇಳಿದಾಗ ಮುಖ ಸಣ್ಣಗೆ ಮಾಡ್ಕೊಂಡ. ನೀನು ಹಾಗೇ ಬರಿ, ನಾಲ್ಕು ದಿನ ಅನುಭವಿಸಲಿ.)

ಕೇಳು. ಆರು ವಾರ ರಕ್ತದ ಹನಿ ಬಿದ್ದಿದೆ. ಮೊದಲೆಲ್ಲ ಕಣ್ಣು ಮಿಟುಕಿಸಿದರೆ ಮರಳುಕಾಗದ ಉಜ್ಜಿದ ಹಾಗಾಗುತ್ತಿತ್ತು, ಈಗ ಆ ಉರಿ ಅರ್ಧಕ್ಕರ್ಧ ಇಳಿದಿದೆ. ಮೊನ್ನೆ ಬೆಳಿಗ್ಗೆ ಎದ್ದರೆ ಎದುರಿಗೆ ಕಿಟಕಿ. ಕಿಟಕಿ ಎಂದರೆ ಬೆಳಕಿನ ಚೌಕವಲ್ಲ, ಸರಳುಗಳಿದ್ದ ಕಿಟಕಿ. ಎಣಿಸಿದೆ. ಏಳು. (ಆರು. ಒಂದು ಪೊರಕೆ.) ಪೊರಕೆಯೇ ಆಗಲಿ, ಕಂಡಿತಲ್ಲ. ನಿನ್ನ ಅತ್ತೆಯನ್ನು ಕೂಗಿ ಕೂಗಿ ಕರೆದೆ, ಬೆಂಕಿ ಬಿತ್ತೆಂದು ಓಡಿಬಂದಳು. ಅವಳನ್ನು ಹಿಡಿದು ಕೋಣೆಯಲ್ಲಿ ಎರಡು ಸುತ್ತು ತಿರುಗಿಸಿದೆ. (ಕೋತಿಗೆ ಹೆಂಡ ಕುಡಿಸಿದ ಹಾಗಿತ್ತು. ನನ್ನ ಮಂಡಿ ಇನ್ನೂ ನೋಯ್ತಿದೆ.)

ಡಾಕ್ಟರಮ್ಮನಿಗೆ ಖುಷಿಯಾಗಿದೆ, ಆದರೆ ಸಾಲದು ಎನ್ನುತ್ತಾರೆ. ಹೊರಗಿನಿಂದ ಎಷ್ಟು ಹನಿ ಹಾಕಿದರೂ ಅದು ಬಿಂದಿಗೆಯಲ್ಲಿ ಹೊತ್ತು ತಂದ ನೀರು. ಕಣ್ಣಿಗೆ ತನ್ನದೇ ಒರತೆ ಬೇಕು. ಅದಕ್ಕೆ ಅವರ ಬಳಿ ಒಂದು ಉಪಾಯ ಇದೆ. ಕೇಳಿದರೆ ನೀನು ನಂಬುವುದಿಲ್ಲ, ಆದ ಮೇಲೆ ಹೇಳುತ್ತೇನೆ.

ಗೋಡೆಯ ಬಗ್ಗೆ ಕೇಳಿದ್ದೀಯ. ಗೋಡೆ ಚೆನ್ನಾಗಿದೆ. ಸುಣ್ಣ ಬಳಿಸಿದ್ದೇವೆ. (ಯಾರೂ ಬಳಿಸಿಲ್ಲ. ಹೇಳಿದ್ದನ್ನ ಬರೀತಿದ್ದೀನಿ ಅಷ್ಟೆ.)

ಅಪ್ಪ


ಮಾರ್ಚ್ 15

ಅಪ್ಪನಿಗೆ,

ಅತ್ತೆಯ ಕಂಸಗಳನ್ನು ಎರಡೆರಡು ಸಲ ಓದಿದೆ. ಗೋಡೆಯ ಮಾತು ಮತ್ತೆ ಎತ್ತುವುದಿಲ್ಲ.

ಇವತ್ತು ನನ್ನ ಹತ್ತಿರವೂ ಒಂದು ಒಳ್ಳೆಯ ಸುದ್ದಿ ಇದೆ. ಬೆಳಿಗ್ಗೆ ಇಸ್ತ್ರಿಯವಳು ಬ್ಲೀಚಿನ ಡಬ್ಬ ತೆರೆಯುವಾಗ ಮುಚ್ಚಳ ಸಿಡಿದು ಬ್ಲೀಚು ಮುಖಕ್ಕೆ ಹಾರಿತು. ಅವಳು ಸೆರಗಿನಿಂದ ಕಣ್ಣು ಉಜ್ಜಲು ಹೋದಳು. ನಾನು ಜುಟ್ಟು ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಅವಳ ತಲೆ ಒಡ್ಡಿಸಿದೆ. ರೆಪ್ಪೆ ಬಿಡಿಸಿ ಹಿಡಿದೆ. "ಸಾಕು ಬಿಡೇ, ಉಸಿರುಕಟ್ಟಿ ಸಾಯ್ತೀನಿ" ಎಂದು ಒದೆಯುತ್ತಿದ್ದಳು. ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಬಿಡಲಿಲ್ಲ. ಸಂಜೆ ಆಸ್ಪತ್ರೆಯಿಂದ ನಗುತ್ತಾ ಬಂದಳು. ಕಣ್ಣಿಗೆ ಏನೂ ಆಗಿಲ್ಲ, ಜುಟ್ಟಿಗೆ ಮಾತ್ರ ನೋವು.

ಇಲ್ಲಿ ನನಗೆ ನಲ್ಲಿಯಕ್ಕ ಎಂಬ ಹೆಸರು ಮೊದಲೇ ಇತ್ತು, ಬಂದ ವಾರವೇ ಮ್ಯಾನೇಜರನ ತಲೆ ತಿಂದು ಪ್ರತಿ ಯಂತ್ರದ ಪಕ್ಕ ಒಂದು ನಲ್ಲಿ ಹಾಕಿಸಿದ್ದಕ್ಕೆ. ಅದುವರೆಗೆ ಗೇಲಿ ಮಾಡುತ್ತಿದ್ದವರು ಇವತ್ತು ಗೌರವದಿಂದ ಕರೆದರು.

ಅವಳು ಹೋದ ಮೇಲೆ ಅದೇ ನಲ್ಲಿಯ ಪಕ್ಕ ನಿಂತು ಅತ್ತುಬಿಟ್ಟೆ. ನಿಮಗೆ ಅಳಲೂ ನೀರಿಲ್ಲ ಎಂಬುದು ನೆನಪಾಯಿತು.

ಉಪಾಯ ಏನು? ಆಮೇಲೆ ಅಲ್ಲ, ಈಗಲೇ ಹೇಳಿ.

ನಿಮ್ಮ ಮಗಳು


ಏಪ್ರಿಲ್ 18

ಮಗಳೇ,

ಈ ಪತ್ರ ಪೂರ್ತಿ ನನ್ನದು, ಕಂಸದ ಹಂಗಿಲ್ಲ. ನಿಮ್ಮಪ್ಪ ಹತ್ತು ದಿನ ಮಾತಾಡುವ ಹಾಗಿಲ್ಲ. ಮನೆ ಎಷ್ಟು ಶಾಂತವಾಗಿದೆ ಎಂದರೆ ಗಡಿಯಾರದ ಸದ್ದು ಕೇಳಿ ಯಾರೋ ಬಂದರು ಅಂದುಕೊಂಡೆ.

ಉಪಾಯ ಇದು. ನಮ್ಮ ತುಟಿಯ ಒಳಗಡೆ ಸಾಸಿವೆ ಕಾಳಿನಷ್ಟು ದಪ್ಪದ ಗ್ರಂಥಿಗಳಿವೆಯಂತೆ, ಬಾಯಿ ಒದ್ದೆಯಾಗಿಡುವಂಥವು. ಡಾಕ್ಟರಮ್ಮ ಅವನ ಕೆಳತುಟಿಯ ಒಳಗಿನಿಂದ ಒಂದು ತುಣುಕನ್ನು ಗ್ರಂಥಿಗಳ ಸಮೇತ ಬಿಡಿಸಿ, ಎಡಗಣ್ಣಿನ ರೆಪ್ಪೆಯ ಒಳಗೆ ಹೊಲಿದಿದ್ದಾರೆ. ಬಾಯಿ ನೆನೆಸುತ್ತಿದ್ದದ್ದು ಇನ್ನು ಕಣ್ಣು ನೆನೆಸಬೇಕು. ನಾನು ಕೇಳಿದೆ, "ಅಲ್ಲಮ್ಮ, ಅದು ಬೇರೆ ಊರಿಗೆ ಹೋಗಿ ಹಳೇ ಕೆಲಸಾನೇ ಮಾಡುತ್ತಾ?" ಅಂತ. "ಗ್ರಂಥಿಗೆ ವಿಳಾಸ ಗೊತ್ತಿರಲ್ಲ, ಕೆಲಸ ಮಾತ್ರ ಗೊತ್ತಿರತ್ತೆ. ಹೊಸ ಜಾಗದಲ್ಲಿ ಬೇರು ಹಿಡಿದರೆ ಸಾಕು" ಅಂದರು. ಹಿಡಿಯದೆಯೂ ಇರಬಹುದು. ಎರಡು ತಿಂಗಳು ಕಾಯಬೇಕು.

ಬಲಗಣ್ಣಿಗೆ ಏನೂ ಮಾಡಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವುದನ್ನು ಇಷ್ಟು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು, ಈಗ ಎದುರಿಗೇ ನೋಡುತ್ತಿದ್ದೇನೆ.

ತುಟಿ ಊದಿ ಬಾತುಕೋಳಿಯ ಹಾಗಾಗಿದ್ದಾನೆ. ಆದರೂ ಸ್ಲೇಟು ತರಿಸಿಕೊಂಡು, ಕಾಣದಿದ್ದರೂ ಅಂದಾಜಿನ ಮೇಲೆ ಗೀಚುತ್ತಾನೆ. ಒಂದರ ಮೇಲೊಂದು ಅಕ್ಷರ. ನಿನ್ನೆ ಇಡೀ ಮಧ್ಯಾಹ್ನ ಒಂದೇ ಸಾಲನ್ನು ಬರೆದು ಒರೆಸಿ, ಬರೆದು ಒರೆಸಿ ಮಾಡಿದ. ನಾನು ಹತ್ತಿರ ಹೋದರೆ ಅಂಗೈಯಿಂದ ಅಳಿಸಿಬಿಟ್ಟ. ನಿನಗೆ ಬರೆಯಬೇಕಾದ ಆ ಮಾತಿನ ಅಭ್ಯಾಸ ಅದು, ನನಗೆ ಗೊತ್ತು. ಮಾತು ಏನೆಂದೂ ಗೊತ್ತು. ಆದರೆ ಅವನೇ ಹೇಳಲಿ, ನಾನು ಕಾಯುತ್ತೇನೆ.

ನಿನ್ನ ಅತ್ತೆ


ಜೂನ್ 25

ನೊರೆ, ನೊರೆ, ನೊರೆ,

ಬಂತು. ನೀರು ಬಂತು.

ಕ್ರಮವಾಗಿ ಹೇಳು ಎಂದು ನಿನ್ನ ಅತ್ತೆ ಗದರುತ್ತಿದ್ದಾಳೆ. ಹೇಳುತ್ತೇನೆ. ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಆಸ್ಪತ್ರೆಯಿಂದ ನಡೆದುಕೊಂಡು ಬರುತ್ತಿದ್ದೆವು. ತಪಾಸಣೆಗೆಂದು ಉಪವಾಸ ಇದ್ದೆ. ಮೂಲೆಯ ಬೇಕರಿಯವನು ಒಲೆಯ ಬಾಗಿಲು ತೆಗೆದಿದ್ದ. ಬಿಸಿ ಬ್ರೆಡ್ಡಿನ ವಾಸನೆ ಬಂದು ಮುಖಕ್ಕೆ ಬಡಿಯಿತು. ಎಡಗೆನ್ನೆಯ ಮೇಲೆ ಏನೋ ತಣ್ಣಗೆ ಹರಿಯಿತು. ಮಳೆಯೇನೋ ಎಂದು ಅಂಗೈ ಚಾಚಿದೆ, ಬಿಸಿಲು. ಮುಟ್ಟಿ ನೋಡಿದೆ, ಕೆನ್ನೆ ಒದ್ದೆ. ಹತ್ತೊಂಬತ್ತು ತಿಂಗಳಲ್ಲಿ ಮೊದಲ ಸಲ, ನೊರೆ. ರಸ್ತೆಯಲ್ಲೇ ನಿಂತುಬಿಟ್ಟೆ. ವಾಸನೆ ಎಳೆದಷ್ಟೂ ನೀರು.

(ಬೇಕರಿಯವನು ಹೆದರಿಕೊಂಡು ಓಡಿಬಂದ. "ಯಾಕೆ ಯಜಮಾನ್ರೇ ಅಳ್ತಿದ್ದೀರಿ, ಮನೇಲಿ ಏನಾದ್ರೂ ಆಯ್ತಾ?" ಅಂದ. ನಿಮ್ಮಪ್ಪ ಅವನನ್ನ ತಬ್ಬಿಕೊಂಡು "ಹಸಿವು ಕಣಪ್ಪಾ, ಬರೀ ಹಸಿವು" ಅಂದ. ಪಾಪ, ನಾನು ಇವನಿಗೆ ಅನ್ನ ಹಾಕಲ್ಲ ಅಂದುಕೊಂಡ. ನನ್ನನ್ನ ನೋಡಿದ ನೋಟ ನಾನು ಮರೆಯಲ್ಲ. ಬೇಡ ಅಂದರೂ ಎರಡು ಬ್ರೆಡ್ಡು ಕೈಗಿಟ್ಟ.)

ಎಲ್ಲರಿಗೂ ಬಾಯಲ್ಲಿ ನೀರೂರಿದರೆ ನನಗೆ ಕಣ್ಣಲ್ಲಿ. ಊಟಕ್ಕೆ ಕೂತರೆ ಅಳು, ನಿಂಬೆಹಣ್ಣು ಕತ್ತರಿಸಿದರೆ ಅಳು, ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದರೆ ಗೋಳೋ ಎಂದು ಅಳು. (ಮೊಸಳೆ ಕಣ್ಣೀರು ಅಂತ ಕೇಳಿದ್ದೆ, ಈಗ ಮನೇಲೇ ಸಾಕಿದ ಹಾಗಾಯ್ತು.) ಉಳಿದ ಹೊತ್ತಿನಲ್ಲೂ ಕಣ್ಣು ತೇವವಾಗಿರುತ್ತದೆ. ಡಾಕ್ಟರಮ್ಮ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿ, "ಗಾಯದ ಚುಕ್ಕೆಗಳು ಮುಕ್ಕಾಲು ಪಾಲು ಹೋಗಿವೆ" ಎಂದರು.

ದುಃಖವಾದರೂ ನೀರು ಬರುತ್ತದೆಯೇ ಎಂದು ಕೇಳಿದೆ. ತುಟಿಯ ಗ್ರಂಥಿಗೆ ಊಟವೇ ಗೊತ್ತು, ದುಃಖ ಗೊತ್ತಿಲ್ಲ, ಆದರೆ ಮೇಲ್ಮೈ ಮಾಯಿದ ಮೇಲೆ ಒಮ್ಮೊಮ್ಮೆ ಹಳೆಯ ದಾರಿಗಳೂ ಒಂದೋ ಎರಡೋ ತೆರೆದುಕೊಳ್ಳುತ್ತವೆ, ಹೇಳಲು ಬರುವುದಿಲ್ಲ ಎಂದರು.

ಇನ್ನು ಒಂದೇ ಮೆಟ್ಟಿಲು. ಕಣ್ಣು ಇಷ್ಟು ತೇವವಾದ ಮೇಲೆ ಒಂದು ಬಗೆಯ ಲೆನ್ಸ್ ಹಾಕಬಹುದಂತೆ. ಅದು ಕೂತರೆ ಅಕ್ಷರ ಕಾಣುತ್ತದೆ.

ಅಪ್ಪ


ಜುಲೈ 8

ಅಪ್ಪ,

ಪತ್ರವನ್ನು ಲಾಂಡ್ರಿಯಲ್ಲಿ ಜೋರಾಗಿ ಓದಿದೆ. ಯಂತ್ರ ನಿಲ್ಲಿಸಿ ಎಲ್ಲರೂ ಕೇಳಿದರು. ಬೇಕರಿಯವನನ್ನು ತಬ್ಬಿಕೊಂಡಲ್ಲಿ ಇಸ್ತ್ರಿಯವಳು ನಕ್ಕು ನಕ್ಕು ಹೊದಿಕೆಯ ರಾಶಿಯ ಮೇಲೆ ಬಿದ್ದಳು. ಆಮೇಲೆ "ಹೋಗಿ ನೋಡ್ಕೊಂಡು ಬಾರೇ, ರಜೆ ನಾನು ಕೊಡಿಸ್ತೀನಿ" ಎಂದಳು.

ಬರಬೇಕೆಂದು ಆಸೆ ಇದೆ. ಎಷ್ಟಿದೆ ಎಂದರೆ ಎರಡು ಸಲ ಟಿಕೆಟ್ಟಿನ ಸಾಲಿನಲ್ಲಿ ನಿಂತು ವಾಪಸು ಬಂದಿದ್ದೇನೆ. ನೀವು ಬರೆಯುತ್ತೇನೆ ಎಂದಿರಲ್ಲ, ಅದು ಬಂದ ಮೇಲೆ ಬರುತ್ತೇನೆ. ಅದಕ್ಕೆ ಮೊದಲು ಬಂದರೆ ನಾವಿಬ್ಬರೂ ಅದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತೇವೆ. ಅದು ನನ್ನಿಂದಾಗದು.

ಲೆನ್ಸಿನ ದಿನ ಯಾವತ್ತು? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ನೀವು ಮಾತ್ರ ಹಾಗೆ ಕಾಯಬೇಡಿ, ರಕ್ತದ ಹನಿಯೇ ಸಾಕು.

ನಿಮ್ಮ ಮಗಳು


ಸೆಪ್ಟೆಂಬರ್ 3

ನೊರೆ,

ಇದು ನನ್ನ ಕೈ. ಸಾಲು ಓರೆ, ಅಕ್ಷರ ಕುಂಬಳಕಾಯಿಯಷ್ಟು ದಪ್ಪ. ಇರಲಿ. ಇಲ್ಲಿ ಕಂಸಗಳಿಲ್ಲ.

ನಿನ್ನೆ ಬೆಳಿಗ್ಗೆ ಲೆನ್ಸ್ ಹಾಕಿದರು. ಅದು ಪುಟ್ಟದೊಂದು ಬಟ್ಟಲು. ಅದಕ್ಕೆ ಉಪ್ಪುನೀರು ತುಂಬಿ, ನನ್ನ ತಲೆ ಬಗ್ಗಿಸಿ, ಕೆಳಗಿನಿಂದ ಕಣ್ಣಿಗೆ ಏರಿಸುತ್ತಾರೆ. ಸುಟ್ಟ ಮೈಗೂ ಲೆನ್ಸಿಗೂ ನಡುವೆ ನೀರು ನಿಲ್ಲುತ್ತದೆ, ದಿನವಿಡೀ ಕಣ್ಣು ಅದರಲ್ಲಿ ಮುಳುಗಿರುತ್ತದೆ. ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ಜೀವಮಾನವೆಲ್ಲ ಗುಳ್ಳೆ ಎಬ್ಬಿಸಿ ಬದುಕಿದ ನನಗೆ ಎಂಥ ಶಿಕ್ಷೆ ನೋಡು. ಮೂರು ಸಲ ಗುಳ್ಳೆ ಸಿಕ್ಕಿಕೊಂಡಿತು. ನಾಲ್ಕನೆಯ ಸಲ ತಲೆ ಎತ್ತಿದರೆ ಡಾಕ್ಟರಮ್ಮನ ಬಿಳಿ ಕೋಟಿನಲ್ಲಿ ಒಂದು ಗುಂಡಿ ಮಾತ್ರ ಕಂದು ಬಣ್ಣದ್ದು. ಹೇಳಿದೆ. ಅವರು ಗುಂಡಿ ಹಿಡಿದುಕೊಂಡು ಹೊರಗೆ ಓಡಿ ನರ್ಸುಗಳನ್ನೆಲ್ಲ ಕರೆತಂದರು. ಯಾರಿಗೆ ಹೆಚ್ಚು ಖುಷಿಯಾಯಿತು ಎಂದು ಹೇಳುವುದು ಕಷ್ಟ.

ದಾರಿಯುದ್ದಕ್ಕೂ ಅಂಗಡಿಯ ಬೋರ್ಡುಗಳನ್ನು ಓದುತ್ತಾ ಬಂದೆ. ನಿನ್ನ ಅತ್ತೆಗೆ ತಲೆಯೆಲ್ಲ ಬೆಳ್ಳಗಾಗಿದೆ, ನನಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಕೂತಾಗ ಅವಳು ಒಳಗೆ ಹೋಗಿ ಬೀರುವಿನ ಹಿಂದಿನಿಂದ ಏನನ್ನೋ ಎಳೆದು ತಂದಳು. ನನ್ನ ತೊಡೆಯ ಮೇಲಿಟ್ಟು, "ಓದು ನೋಡೋಣ" ಎಂದಳು.

ಹಲಗೆ. ಬಾಣಲೆ ಕೋಣೆಯ ಗೋಡೆಯಲ್ಲಿದ್ದ ಹಲಗೆ. ಆಸ್ಪತ್ರೆಯಿಂದ ಬಂದ ದಿನವೇ, ಕಣ್ಣಿಗೆ ಪಟ್ಟಿ ಇದ್ದಾಗಲೇ, ಅದನ್ನು ಇಳಿಸಿ ಒಲೆಗೆ ಹಾಕು ಎಂದು ಅವಳಿಗೆ ಹೇಳಿದ್ದೆ. ಸುಟ್ಟೆ ಎಂದಿದ್ದಳು. ಸುಟ್ಟಿರಲಿಲ್ಲ. ನಾನು ಓದುವ ದಿನ ಬರಲಿ ಎಂದು ಇಟ್ಟುಕೊಂಡಿದ್ದಳು.

"ಕಾಸ್ಟಿಕ್ ಮೈಮೇಲೆ ಎಲ್ಲಿ ಬಿದ್ದರೂ ಮೊದಲು ವಿನೆಗರ್." ಕೆಂಪು ಬಣ್ಣ, ನನ್ನ ಅಕ್ಷರ, ಕೆಳಗೆ ನನ್ನ ರುಜು.

ನಿನಗೆ ಒಂಬತ್ತು ವರ್ಷವಿದ್ದಾಗ ಮಣಿಕಟ್ಟಿನ ಮೇಲೆ ಒಂದು ಹನಿ ಬಿತ್ತು. ವಿನೆಗರ್ ಉಜ್ಜಿ, ಈ ಹಲಗೆಯ ಮುಂದೆ ನಿಲ್ಲಿಸಿ ಹತ್ತು ಸಲ ಓದಿಸಿದೆ. ನನಗೆ ನನ್ನಪ್ಪ ಹಾಗೇ ಕಲಿಸಿದ್ದರು. ಸಾಬೂನಿನವರ ಬುದ್ಧಿ ಅದು. ಕ್ಷಾರಕ್ಕೆ ಹುಳಿ ಬಿದ್ದರೆ ಶಾಂತವಾಗುತ್ತದೆ ಎಂಬ ಎಣಿಕೆ. ಬಾಣಲೆಗೆ ಅದು ಸರಿ. ಕಣ್ಣು ಬಾಣಲೆಯಲ್ಲ. ಅವತ್ತು ನೀನು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಹಾಕಿದ್ದು ಯಾರು ಎಂದು ಡಾಕ್ಟರು ಕೇಳಿದಾಗ ಅವಳು ಹಾಕಿದಳು, ಕಲಿಸಿದವನು ನಾನು ಎನ್ನಬೇಕಿತ್ತು. ಅರ್ಧ ಹೇಳಿ ಬಾಯಿ ಮುಚ್ಚಿಕೊಂಡೆ. ಮೂವತ್ತು ವರ್ಷ ಸಾಬೂನು ಕುದಿಸಿದವನು ತನ್ನ ಹಲಗೆಯಿಂದಲೇ ಕಣ್ಣು ಕಳೆದುಕೊಂಡ ಎಂದು ಜನ ನಗುತ್ತಾರೆ ಎಂಬ ಹೆದರಿಕೆ. ಆ ಹೆದರಿಕೆಯನ್ನು ನಿನ್ನ ತಲೆಗೆ ಕಟ್ಟಿದೆ. ನನಗೆ ಕಾಣುತ್ತಿರಲಿಲ್ಲ, ಆದರೆ ನೀನು ಮಂಚದ ಪಕ್ಕ ನಿಂತು ಉಳಿದರ್ಧಕ್ಕೆ ಕಾಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು.

ತಪ್ಪು ನನ್ನದು, ನೊರೆ. ನಿನ್ನದಲ್ಲ. ಯಾವತ್ತೂ ನಿನ್ನದಾಗಿರಲಿಲ್ಲ. ನನ್ನನ್ನು ಕ್ಷಮಿಸು.

ಇದನ್ನು ಬರೆಯುವಾಗ ಎದೆ ಒಡೆದು ಹೋಗುತ್ತಿದೆ, ಕಣ್ಣಿನಲ್ಲಿ ಮಾತ್ರ ಒಂದು ಹನಿ ಇಲ್ಲ. ನನಗೆ ಅದೇ ನಾಚಿಕೆ. ನೀನು ಬರುವುದಾದರೆ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಸ್ಟೇಷನ್ನಿಗೆ ಬರುತ್ತೇನೆ, ನಿನ್ನೆದುರು ಒಣಗಣ್ಣಿನಲ್ಲಿ ನಿಲ್ಲಲಾರೆ. ಹಲಗೆಯನ್ನೂ ಪಾರ್ಸೆಲ್ ಮಾಡಿದ್ದೇನೆ. ಸುಡುವುದಿದ್ದರೆ ನೀನೇ ಸುಡು.

ಅಪ್ಪ


ಸೆಪ್ಟೆಂಬರ್ 15

ಅಪ್ಪ,

ಹಲಗೆ ಬಂತು. ನಿನ್ನ ಕೈಯ ಕುಂಬಳಕಾಯಿಗಳೂ ಬಂದವು. ಅವನ್ನು ಯಾರಿಗೂ ಓದಿ ಹೇಳಲಿಲ್ಲ.

ನೀನು ಆಸ್ಪತ್ರೆಯಿಂದ ಬಂದ ಮರುದಿನ ನಾನು ಬಾಣಲೆ ಕೋಣೆಗೆ ಹೋಗಿದ್ದೆ. ಗೋಡೆಯಲ್ಲಿ ಮೊಳೆ ಇತ್ತು, ಅದರ ಕೆಳಗೆ ಹಲಗೆಯಷ್ಟೇ ಅಗಲದ ಬೆಳ್ಳನೆ ಜಾಗ. ಅವತ್ತು ಸಂಜೆಯೇ ಹೊರಟೆ. ನಿನ್ನ ಕಣ್ಣು ಹೋಯಿತೆಂದು ಓಡಿಹೋದವಳಲ್ಲ ನಾನು, ಆ ಬೆಳ್ಳನೆ ಜಾಗವನ್ನು ನೋಡಿಕೊಂಡು ನಿನ್ನ ಕಣ್ಣಿಗೆ ಹನಿ ಹಾಕಲು ನನ್ನಿಂದ ಆಗುತ್ತಿರಲಿಲ್ಲ. ಇಷ್ಟು ದಿನ ನಿನ್ನ ಮೇಲೆ ತುಂಬಾ ಸಿಟ್ಟಿತ್ತು. ನಿನ್ನ ಪತ್ರ ಓದಿ ಮುಗಿಸುವ ಹೊತ್ತಿಗೆ ಅದು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಹಲಗೆ ಸುಟ್ಟಿಲ್ಲ, ಒಳ್ಳೆಯ ಮರ. ತಿರುಗಿಸಿ ಹಿಂಬದಿಯಲ್ಲಿ ಬರೆದಿದ್ದೇನೆ: "ಮೊದಲು ನೀರು. ಇಪ್ಪತ್ತು ನಿಮಿಷ. ಆಮೇಲೆ ಆಸ್ಪತ್ರೆ." ಮುಂಬದಿಯನ್ನು ಅಳಿಸಿಲ್ಲ, ಗೋಡೆಯ ಕಡೆಗಿರಲಿ. ಮೊಳೆ ಗಟ್ಟಿಯಾಗಿದೆಯೇ ಎಂದು ಅತ್ತೆ ನೋಡಲಿ.

ಶನಿವಾರ ಹನ್ನೊಂದು ಗಂಟೆಯ ರೈಲಿಗೆ ಬರುತ್ತಿದ್ದೇನೆ. ಈ ಸಲ ಸಾಲಿನಿಂದ ವಾಪಸು ಬರಲಿಲ್ಲ, ಟಿಕೆಟ್ಟು ಕೈಯಲ್ಲಿದೆ. ನೀನು ಸ್ಟೇಷನ್ನಿಗೆ ಬಂದೇ ಬರುತ್ತೀಯ, ಬೇಡ ಎಂದರೂ ಕೇಳುವವನಲ್ಲ. ಹಾಗಾಗಿ ಇಷ್ಟು ಮಾಡು. ನಿಂಬೆಹಣ್ಣನ್ನು ಮನೆಯಲ್ಲೇ ಬಿಟ್ಟು ಬಾ. ಹೊರಡುವ ಮೊದಲು ಹೊಟ್ಟೆ ತುಂಬ ಊಟ ಮಾಡು. ಪ್ಲಾಟ್‌ಫಾರ್ಮಿನಲ್ಲಿ ತಿಂಡಿಯ ಅಂಗಡಿ ಇದ್ದರೆ ಅದರಿಂದ ದೂರ ನಿಲ್ಲು, ಗಾಳಿ ಅತ್ತ ಕಡೆಯಿಂದ ಬೀಸುತ್ತಿದ್ದರೆ ಮೂಗು ಮುಚ್ಚಿಕೋ. ನೀರು ಬಾರದಿದ್ದರೂ ಪರವಾಗಿಲ್ಲ, ಇಬ್ಬರಿಗಾಗುವಷ್ಟು ನನ್ನ ಹತ್ತಿರ ಇದೆ. ಆದರೆ ನಾನು ರೈಲಿನಿಂದ ಇಳಿದಾಗ ನಿನ್ನ ಕಣ್ಣಲ್ಲಿ ನೀರು ಬಂದರೆ, ಅದು ಯಾಕೆ ಬಂತು ಎಂಬ ಬಗ್ಗೆ ನನಗೆ ಅನುಮಾನ ಇರಬಾರದು.

ನೊರೆ